ಬದುವಿನ ಮೇಲಣ ಕತ್ತಾಳೆ

ಪಟ್ಟಣಗಳಲ್ಲಿ ವಾಸಿಸುವ ನಾವು ದಿನವೂ ಒಂದು ಆಶ್ಚರ್ಯದ ಕೆಳಗೆ ಹಾದುಹೋಗುತ್ತೇವೆ. ತಲೆಯೆತ್ತಿ ನೋಡುವವರು ಮಾತ್ರ ವಿರಳ. ಅಂಗಡಿಯ ಬಾಗಿಲ ಮೇಲೆ, ಮನೆಯ ತಲೆಬಾಗಿಲ ತೊಲೆಗೆ, ದೃಷ್ಟಿ ತಾಕದಿರಲೆಂದು ಲೋಳೆಸರದ ಗಿಡವನ್ನು ಬೇರು ಮೇಲಾಗಿ ಕಟ್ಟಿ ತೂಗುಹಾಕುವ ವಾಡಿಕೆ ಉಂಟಷ್ಟೆ. ಅದಕ್ಕೆ ಮಣ್ಣಿಲ್ಲ, ನೀರೆರೆಯುವವರಿಲ್ಲ. ಆದರೂ ತಿಂಗಳುಗಳು ಕಳೆದರೂ ಅದು ಹಸುರಾಗಿಯೇ ಇರುತ್ತದೆ. ತಲೆಕೆಳಗಾದ ಗಿಡ ತನ್ನ ಸುಳಿಯನ್ನು ಮೆಲ್ಲಮೆಲ್ಲನೆ ಮೇಲಕ್ಕೆ ಬಾಗಿಸಿಕೊಳ್ಳುವುದೂ ಉಂಟು. ತುಳಸಿಯನ್ನಾಗಲಿ ಮಲ್ಲಿಗೆಯನ್ನಾಗಲಿ ಹೀಗೆ ತೂಗುಹಾಕಿದರೆ ಎರಡು ದಿನಗಳಲ್ಲಿ ಒಣಗಿ ತರಗಾಗುವುದು. ಹಾಗಾದರೆ ಈ ಗಿಡ ಮಾತ್ರ ಬದುಕುವುದು ಹೇಗೆ?

ಈ ಪ್ರಶ್ನೆಯ ಉತ್ತರವು ನಮ್ಮನ್ನು ಒಂದು ವಿಚಿತ್ರವಾದ ಸಸ್ಯಸಮುದಾಯದ ಬಳಿಗೆ ಕರೆದೊಯ್ಯುತ್ತದೆ. ದಪ್ಪನಾದ ರಸಭರಿತ ಎಲೆಗಳು, ನೆಲಕ್ಕಂಟಿದಂತಿರುವ ಗಿಡ್ಡ ಕಾಂಡ, ಆ ಕಾಂಡವನ್ನು ಗುಲಾಬಿಯ ದಳಗಳಂತೆ ಸುತ್ತಿ ಸುತ್ತಿ ನಿಂತ ಎಲೆಗಳ ವಲಯ, ಇವು ಈ ಸಮುದಾಯದ ಲಕ್ಷಣಗಳು. ಶಾಂತಸಾಗರದಿಂದ ಅರಬ್ಬೀ ಕರಾವಳಿಯವರೆಗೆ ಬಿಸಿಲು ಹೆಚ್ಚಾಗಿ ಮಳೆ ಕಡಿಮೆಯಾದ ನೆಲಗಳಲ್ಲೆಲ್ಲ ಇಂಥ ಸಸ್ಯಗಳು ಬೇರೆಬೇರೆ ಕುಲಗಳಲ್ಲಿ ಹುಟ್ಟಿ ಬೆಳೆದಿವೆ. ಅವುಗಳಲ್ಲಿ ನಮ್ಮ ನಾಡಿನ ರೈತನೊಡನೆ ಎಲ್ಲಕ್ಕಿಂತ ಹೆಚ್ಚಾಗಿ ಬೆರೆತದ್ದು ಕತ್ತಾಳೆ. ಅದನ್ನು ಕೆಲವೆಡೆ ಭೂತಾಳೆಯೆಂದೂ ಕರೆಯುತ್ತಾರೆ. ಕಲಬುರಗಿ ಜಿಲ್ಲೆಯ ಅಫಜಲಪುರದ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು ಈ ಗಿಡದ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂಬುದು ನಮ್ಮ ಉದ್ದೇಶ.

ಅಫಜಲಪುರವು ಭೀಮಾ ನದಿಯ ಎಡದಂಡೆಯ ತಾಲ್ಲೂಕು. ನದಿಯಾಚೆ ವಿಜಯಪುರ ಜಿಲ್ಲೆ. ವಾಯವ್ಯಕ್ಕೆ ಸೊಲ್ಲಾಪುರದ ಅಕ್ಕಲಕೋಟೆ. ಬಡಗಣ ಆಳಂದದ ಕಡೆಯಿಂದ ಅಮರ್ಜಾ ನದಿ ಹರಿದುಬಂದು ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಆ ಸಂಗಮದ ದತ್ತಾತ್ರೇಯ ಕ್ಷೇತ್ರಕ್ಕೆ ಕನ್ನಡ ನಾಡಿನಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆಂಬುದನ್ನು ಬಲ್ಲವರು ಬಹಳ. ಆದರೆ ಯಾತ್ರಿಕರು ದಾರಿಯ ಇಕ್ಕೆಲಗಳ ನೆಲವನ್ನು ಗಮನಿಸುವುದು ಅಪರೂಪ. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಹೊರಚೆಲ್ಲಿದ ಲಾವಾರಸವು ಹೆಪ್ಪುಗಟ್ಟಿ ಆದ ಕಪ್ಪುಕಲ್ಲಿನ ಮೇಲೆ ಈ ಸೀಮೆ ನಿಂತಿದೆ. ತಗ್ಗಿನಲ್ಲಿ ಆ ಕಲ್ಲು ಕರಗಿ ಎರೆಮಣ್ಣಾಗಿದೆ. ಅಲ್ಲಿ ಜೋಳ, ತೊಗರಿ ಬೆಳೆಯುತ್ತವೆ. ದಿಬ್ಬದಲ್ಲಿ ಮಣ್ಣು ತೊಳೆದುಹೋಗಿ ಗರಸೂ ಕಲ್ಲೂ ಉಳಿದಿವೆ. ಅದನ್ನು ಇಲ್ಲಿನವರು ಮಡ್ಡಿಯೆನ್ನುತ್ತಾರೆ. ಬೇಸಗೆಯಲ್ಲಿ ಬಿಸಿಲು ೪೦ ಡಿಗ್ರಿಯನ್ನು ಮೀರುವುದು ಸಾಮಾನ್ಯ. ಮಳೆ ಬಂದರೆ ಒಮ್ಮೆಲೇ ಸುರಿದು ಹೋಗುತ್ತದೆ; ಬಾರದಿದ್ದರೆ ತಿಂಗಳುಗಟ್ಟಲೆ ಮುಖ ತೋರುವುದಿಲ್ಲ.

ಇಂಥ ಮಡ್ಡಿಯ ಬದುವಿನ ಮೇಲೆ ಕತ್ತಾಳೆಯ ಸಾಲು ನಿಂತಿರುವುದನ್ನು ಊಹಿಸಿಕೊಳ್ಳಿರಿ. ಒಂದೊಂದು ಎಲೆಯೂ ಬೂದಿ ಬೆರೆತ ಹಸುರು ಬಣ್ಣದ ಕತ್ತಿ. ದೊಡ್ಡ ಜಾತಿಯಲ್ಲಿ ಅದರ ಉದ್ದ ಆಳುದ್ದಕ್ಕೆ ಸಮೀಪಿಸುತ್ತದೆ. ಅಂಚಿನಲ್ಲಿ ಕೊಕ್ಕೆಯಂಥ ಮುಳ್ಳು, ತುದಿಯಲ್ಲಿ ದಬ್ಬಣದಂಥ ಮುಳ್ಳು. ಎಲೆಯ ಮೇಲ್ಮೈ ದೋಣಿಯಂತೆ ತಗ್ಗಾಗಿರುವುದರಿಂದ ಅದರ ಮೇಲೆ ಬಿದ್ದ ಹನಿಯೆಲ್ಲವೂ ಜಾರಿ ಬುಡಕ್ಕೇ ಸೇರುತ್ತದೆ. ಇನ್ನೂ ಒಂದು ಸೂಕ್ಷ್ಮವುಂಟು. ಎಳೆಯ ಎಲೆಗಳು ಸುಳಿಯೊಳಗೆ ಒಂದನ್ನೊಂದು ಬಿಗಿದಪ್ಪಿಕೊಂಡು ಬೆಳೆಯುವುದರಿಂದ, ಒಂದು ಎಲೆಯ ಮುಳ್ಳಿನ ಅಚ್ಚು ಪಕ್ಕದ ಎಲೆಯ ಮೈಮೇಲೆ ಒತ್ತಿ ಮೂಡುತ್ತದೆ. ಎಲೆ ಬಿಡಿಸಿಕೊಂಡು ಹೊರಗೆ ಬಾಗಿದ ಮೇಲೂ ಆ ಗುರುತು ಅಳಿಯುವುದಿಲ್ಲ. ಒಂದೇ ತೊಟ್ಟಿಲಲ್ಲಿ ಬೆಳೆದವರ ಗುರುತು ಅವರ ಮೈಮೇಲೆ ಉಳಿದಂತೆ ಇದು ಉಳಿಯುತ್ತದೆ.

ಈಗ ಹೆಸರಿನ ವಿಚಾರ. ಲೋಳೆಸರವೂ ಕತ್ತಾಳೆಯೂ ನೋಟಕ್ಕೆ ಅಣ್ಣತಮ್ಮಂದಿರಂತಿದ್ದರೂ ಕುಲ ಬೇರೆ. ಲೋಳೆಸರದ ಮೂಲ ಅರಬ್ಬೀ ಪರ್ಯಾಯದ್ವೀಪ. ಅದು ನಮ್ಮ ವೈದ್ಯರ ಕುಮಾರಿ, ಅದರ ರಸ ಒಣಗಿದರೆ ಕರಿಬೋಳ. ಕತ್ತಾಳೆಯ ಮೂಲವಾದರೋ ಮೆಕ್ಸಿಕೋ ಮತ್ತು ಅದರ ನೆರೆಹೊರೆಯ ಅಮೆರಿಕದ ಒಣನೆಲ. ಲೋಳೆಸರ ವರ್ಷವರ್ಷವೂ ಹೂ ಬಿಟ್ಟು ಬದುಕಿರುತ್ತದೆ. ಕತ್ತಾಳೆ ಒಮ್ಮೆ ಹೂ ಬಿಟ್ಟರೆ ಅದೇ ಅದರ ಕೊನೆ. ಹೀಗಿದ್ದರೂ ತಮಿಳಿನಲ್ಲಿ ಲೋಳೆಸರಕ್ಕೂ ಇದಕ್ಕೂ ಕತ್ತಾಳೆಯೆಂಬುದರ ಸೋದರಶಬ್ದವೇ ಸಲ್ಲುತ್ತದೆ; ದೊಡ್ಡದನ್ನು ಆನೆಯ ಹೆಸರು ಸೇರಿಸಿ ಬೇರ್ಪಡಿಸುತ್ತಾರೆ. ಸಮುದ್ರದಾಚೆಯಿಂದ ಬಂದ ಹೊಸ ಗಿಡಕ್ಕೆ ಜನರು ಮನೆಯ ಹಳೆಯ ಗಿಡದ ಹೆಸರನ್ನೇ ಹಂಚಿಕೊಟ್ಟರೆಂದು ಊಹಿಸಲು ಇದು ಆಸ್ಪದ ಕೊಡುತ್ತದೆ. ಮರಾಠಿಯಲ್ಲಿ ಇದು ಘಾಯಪಾತ, ಹಿಂದಿಯಲ್ಲಿ ರಾಮಬಾಂಸ. ನಮ್ಮಲ್ಲಿ ನಾರಿಗಾಗಿ ಬೆಳೆಸಿದ ಒಂದು ಜಾತಿಗೆ ಸಸ್ಯಶಾಸ್ತ್ರಜ್ಞರು ಸಂಸ್ಕೃತದ ಕಂಟಾಲವೆಂಬ ಮಾತನ್ನೇ ತೆಗೆದುಕೊಂಡು ಕಾಂಟಾಲಾ ಎಂದು ಹೆಸರಿಟ್ಟಿದ್ದಾರೆ. ಅಮೆರಿಕದ ಗಿಡಕ್ಕೆ ಇಂಡಿಯಾದ ಹೆಸರು ಲೋಕಪ್ರಸಿದ್ಧವಾದದ್ದು ಹೀಗೆ. ಇಡೀ ಕುಲಕ್ಕೆ ೧೭೫೩ರಲ್ಲಿ ಲಿನ್ನೇಯಸ್ ಪಂಡಿತನು ಕೊಟ್ಟ ಅಗೇವ್ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಘನತೆಯುಳ್ಳದ್ದು ಎಂದರ್ಥ. ಈ ಕುಲದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಗಳಿವೆ.

ತವರಿನಲ್ಲಿ ಇದಕ್ಕಿದ್ದ ಗೌರವ ಆ ಹೆಸರಿಗೆ ತಕ್ಕದ್ದೇ. ಹಳೆಯ ಮೆಕ್ಸಿಕೋದ ಜನರು ಕತ್ತಾಳೆಯ ಅಧಿದೇವತೆಯಾಗಿ ಮಾಯಾವೆಲ್ ಎಂಬ ನಾನೂರು ಸ್ತನಗಳ ತಾಯಿಯನ್ನು ಪೂಜಿಸುತ್ತಿದ್ದರು. ಗಿಡದ ಗಡ್ಡೆಯನ್ನು ಸುಟ್ಟು ತಿನ್ನುತ್ತಿದ್ದರು; ರಸವನ್ನು ಹುಳಿಯಿಸಿ ಕುಡಿಯುತ್ತಿದ್ದರು; ನಾರಿನಿಂದ ಬಟ್ಟೆ ಹಗ್ಗಗಳನ್ನು ಮಾಡುತ್ತಿದ್ದರು; ತುದಿಯ ಮುಳ್ಳನ್ನು ಅದಕ್ಕಂಟಿದ ನಾರಿನೊಡನೆ ಎಳೆದು ಸೂಜಿದಾರವಾಗಿ ಬಳಸುತ್ತಿದ್ದರು. ಸ್ಪೇನ್ ಮತ್ತು ಪೋರ್ತುಗಲ್ಲಿನ ಹಡಗುಗಳು ಅಮೆರಿಕದಿಂದ ಮೆಣಸಿನಕಾಯಿ, ಸೀಬೆ, ಪಾಪಾಸುಕಳ್ಳಿಗಳನ್ನು ಹಳೆಯ ಲೋಕಕ್ಕೆ ಹರಡಿದ ಕಾಲದಲ್ಲಿ ಕತ್ತಾಳೆಯೂ ಹೊರಬಿತ್ತು. ಮೆಣಸಿನಕಾಯಿ ಇಲ್ಲದ ಊಟವನ್ನು ಕಲಬುರಗಿಯವರು ಇಂದು ಊಹಿಸಲಾರರಷ್ಟೆ. ಅದು ಅಡುಗೆಮನೆಯನ್ನು ಸೇರಿತು, ಇದು ಹೊಲದ ಬದುವನ್ನು ಸೇರಿತು. ಎರಡನ್ನೂ ಪರದೇಶದವೆಂದು ಈಗ ಯಾರೂ ಎಣಿಸುವುದಿಲ್ಲ.

ಇನ್ನು ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಇದರ ಉತ್ತರದ ಮೊದಲನೆಯ ಸುಳಿವು ಸಿಕ್ಕಿದ್ದು ನಮ್ಮ ದೇಶದಲ್ಲಿಯೇ. ಬೆಂಜಮಿನ್ ಹೈನೆ ಎಂಬ ಜರ್ಮನ್ ಮೂಲದ ವೈದ್ಯನು ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದು, ಟಿಪ್ಪುವಿನ ಪತನಾನಂತರ ನಡೆದ ಮೈಸೂರು ಸೀಮೆಯ ಮೋಜಣಿಯಲ್ಲಿ ಪಾಲುಗೊಂಡವನು. ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯನ್ನೂ ಕೆಲಕಾಲ ನೋಡಿಕೊಂಡವನು. ನಾವು ಕಾಡುಬಸಳೆಯೆಂದು ಕರೆಯುವ, ಎಲೆಯ ಅಂಚಿನಿಂದಲೇ ಮರಿ ಹುಟ್ಟಿಸುವ ಗಿಡದ ಎಲೆಯನ್ನು ಆತನು ಅಗಿದು ನೋಡಿದನು. ಬೆಳಗ್ಗೆ ಅದು ತೀವ್ರವಾಗಿ ಹುಳಿ. ಮಧ್ಯಾಹ್ನಕ್ಕೆ ರುಚಿಯೇ ಇಲ್ಲ. ಸಂಜೆಗೆ ಕೊಂಚ ಕಹಿ. ಈ ಸಂಗತಿಯನ್ನು ಆತನು ೧೮೧೩ರಲ್ಲಿ ಪತ್ರಮುಖೇನ ತಿಳಿಸಲು, ಲಂಡನ್ನಿನ ಲಿನ್ನೇಯನ್ ಸಂಘವು ೧೮೧೫ರಲ್ಲಿ ಅದನ್ನು ಅಚ್ಚುಹಾಕಿತು. ಯಂತ್ರವಿಲ್ಲ, ತಕ್ಕಡಿಯಿಲ್ಲ, ನಾಲಗೆಯೊಂದೇ ಉಪಕರಣ. ಆದರೆ ಒಂದೇ ಎಲೆಯನ್ನು ಮೂರು ಹೊತ್ತು ರುಚಿ ನೋಡಬೇಕೆಂಬ ಬುದ್ಧಿ ಅದಕ್ಕೆ ಮೊದಲು ಎಷ್ಟು ಜನರಿಗೆ ಹುಟ್ಟಿತ್ತು?

ಆ ಹುಳಿಯ ಅರ್ಥ ಪೂರ್ಣವಾಗಿ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಗಿಡಗಳು ತಮ್ಮ ಎಲೆಗಳ ಸೂಕ್ಷ್ಮರಂಧ್ರಗಳಿಂದ ಇಂಗಾಲಾಮ್ಲ ವಾಯುವನ್ನು ಒಳಗೆಳೆದುಕೊಂಡು ಬಿಸಿಲಿನ ಸಹಾಯದಿಂದ ಆಹಾರ ಮಾಡಿಕೊಳ್ಳುತ್ತವೆಯಷ್ಟೆ. ಆದರೆ ವಾಯು ಬರಲೆಂದು ಬಾಗಿಲು ತೆರೆದರೆ ಅದೇ ಬಾಗಿಲಿನಿಂದ ನೀರು ಆವಿಯಾಗಿ ಹೊರಹೋಗುತ್ತದೆ. ಕತ್ತಾಳೆ, ಲೋಳೆಸರ, ಕಾಡುಬಸಳೆ ಮೊದಲಾದವು ಇದಕ್ಕೆ ಒಂದು ಉಪಾಯ ಕಂಡುಕೊಂಡಿವೆ. ಹಗಲೆಲ್ಲ ಬಾಗಿಲು ಮುಚ್ಚಿರುತ್ತವೆ. ಇರುಳಿನ ತಂಪಿನಲ್ಲಿ ತೆರೆದು, ವಾಯುವನ್ನು ಹೀರಿ, ಅದನ್ನು ಸೇಬಿನ ಹಣ್ಣಿನಲ್ಲಿರುವಂಥ ಹುಳಿಯನ್ನಾಗಿ ಮಾರ್ಪಡಿಸಿ ಎಲೆಯೊಳಗೆ ಕೂಡಿಡುತ್ತವೆ. ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು, ಕೂಡಿಟ್ಟ ಹುಳಿಯಿಂದ ವಾಯುವನ್ನು ಬಿಡಿಸಿಕೊಂಡು ಬಿಸಿಲಿನಲ್ಲಿ ಅಡುಗೆ ನಡೆಸುತ್ತವೆ. ಹೈನೆಯ ನಾಲಗೆಗೆ ತಾಗಿದ್ದು ಆ ರಾತ್ರಿಯ ಉಗ್ರಾಣ. ಗೋದಿಯಂಥ ಪೈರು ಒಂದು ಸೇರು ಒಣಪದಾರ್ಥವನ್ನು ಕಟ್ಟಿಕೊಳ್ಳಲು ನೂರಾರು ಸೇರು ನೀರನ್ನು ಆವಿಯಾಗಿ ಕಳೆಯುತ್ತದೆ. ಕತ್ತಾಳೆಗೆ ಅದೇ ಕೆಲಸಕ್ಕೆ ಐವತ್ತರಿಂದ ನೂರು ಸೇರು ಸಾಕು. ಬರ ಬಹಳ ಬಲವಾದರೆ ರಾತ್ರಿಯೂ ಬಾಗಿಲು ತೆರೆಯದೆ, ತನ್ನುಸಿರನ್ನೇ ತಾನು ಮರಳಿ ಬಳಸಿಕೊಂಡು ಕಾಲ ಕಳೆಯಬಲ್ಲದು. ಬಾಗಿಲ ತೊಲೆಗೆ ತೂಗಿದ ಲೋಳೆಸರದ ಗುಟ್ಟು ಇದೇ.

ಹೀಗೆ ಉಳಿತಾಯ ಮಾಡಿದ್ದನ್ನು ಕತ್ತಾಳೆ ಏನು ಮಾಡುತ್ತದೆ? ದೊಡ್ಡ ಕತ್ತಾಳೆಯನ್ನು ಇಂಗ್ಲಿಷರು ಶತಮಾನದ ಗಿಡವೆಂದು ಕರೆದರು; ನೂರು ವರ್ಷಕ್ಕೊಮ್ಮೆ ಹೂ ಬಿಡುವುದೆಂದು ಅವರ ನಂಬಿಕೆ. ನಿಜವಾಗಿ ಅದಕ್ಕೆ ಹಿಡಿಯುವುದು ಹತ್ತರಿಂದ ಮೂವತ್ತು ವರ್ಷ. ಅಷ್ಟು ಕಾಲ ನೆಲಕ್ಕಂಟಿಕೊಂಡಿದ್ದ ಗಿಡ ಒಂದು ಬೇಸಗೆಯಲ್ಲಿ ಹಠಾತ್ತನೆ ನಡುವಿನಿಂದ ಒಂದು ಕಂಬವನ್ನೆತ್ತುತ್ತದೆ. ನೋಡುನೋಡುತ್ತಿದ್ದಂತೆ ಅದು ಇಪ್ಪತ್ತೈದು ಅಡಿಯವರೆಗೂ ಏರಿ, ದೀಪಮಾಲೆಯ ಕಂಬದಂತೆ ಅಡ್ಡಕೊಂಬೆಗಳನ್ನು ಚಾಚಿ ಹಳದಿಯ ಹೂಗೊಂಚಲುಗಳನ್ನು ಹೊರುತ್ತದೆ. ಎಲೆಗಳಲ್ಲಿದ್ದ ಸಾರವೆಲ್ಲ ಅಲ್ಲಿಗೆ ಏರುತ್ತಿದ್ದಂತೆ ಕೆಳಗೆ ಅವು ಸುಕ್ಕುಗಟ್ಟಿ ಒರಗುತ್ತವೆ. ಹೂ ಮುಗಿದಾಗ ತಾಯಿಗಿಡವೂ ಮುಗಿಯಿತು. ಬಾಳೆ ಗೊನೆ ಹಾಕಿದ ಮೇಲೆ ಬಾಳದೆಂಬುದನ್ನು ಬಲ್ಲ ನಮಗೆ ಇದು ಹೊಸ ಧರ್ಮವಲ್ಲ. ಬಾಳೆಗೆ ಕಂದುಗಳಿರುವಂತೆ ಇದಕ್ಕೂ ಬುಡದ ಸುತ್ತ ಮರಿಗಳುಂಟು. ಕೆಲವು ಜಾತಿಗಳಲ್ಲಿ ಹೂ ಉದುರಿದ ಜಾಗದಲ್ಲೇ ಬೇರು ಎಲೆಗಳೆರಡೂ ಕೂಡಿದ ಪುಟ್ಟ ಮರಿಗಿಡಗಳು ಹುಟ್ಟಿ, ನೂರಾರಾಗಿ ನೆಲಕ್ಕುದುರಿ, ಬಿದ್ದಲ್ಲಿಯೇ ಊರಿಕೊಳ್ಳುತ್ತವೆ.

ರೈತನು ಈ ಗಿಡವನ್ನು ಬದುವಿನ ಮೇಲೇಕೆ ಇಟ್ಟುಕೊಂಡನು? ಮೊದಲನೆಯ ಕಾರಣ ಬೇಲಿ. ಆಡು ಮುಟ್ಟದ ಸೊಪ್ಪಿಲ್ಲವೆಂದು ಗಾದೆಯಿದ್ದರೂ ಕತ್ತಾಳೆಯ ಎದುರಿಗೆ ಆಡೂ ಸುತ್ತಿ ಹೋಗುತ್ತದೆ. ಮುಳ್ಳು ಒಂದು, ಎಲೆಯ ರಸದಲ್ಲಿರುವ ಸೂಜಿಯಂಥ ಹರಳುಗಳೂ ನೊರೆಗಟ್ಟುವ ಪದಾರ್ಥವೂ ಇನ್ನೊಂದು. ಮಳೆ ಬಿದ್ದ ಮೊದಲ ವಾರದಲ್ಲಿ ಮರಿಗಳನ್ನು ಮೊಳಕ್ಕೊಂದರಂತೆ ನೆಟ್ಟರಾಯಿತು. ನೀರು ಬೇಡ, ಗೊಬ್ಬರ ಬೇಡ, ಕಾಯುವವನೂ ಬೇಡ. ಇಂಡಿಯಾದ ರೈಲು ಕಂಪನಿಗಳು ಹಳಿಗಳ ಇಕ್ಕೆಲಕ್ಕೆ ದನ ನುಗ್ಗದಂತೆ ಮೈಲುಗಟ್ಟಲೆ ಕತ್ತಾಳೆ ನೆಡಿಸಿದ್ದೂ ಈ ಗುಣಕ್ಕಾಗಿಯೇ. ಎರಡನೆಯ ಕಾರಣ ಮಣ್ಣು. ಇದರ ಬೇರು ಆಳಕ್ಕಿಳಿಯದು. ಮೇಲುಮಣ್ಣಿನಲ್ಲೇ ಬಲೆಯಂತೆ ಹಬ್ಬುತ್ತದೆ. ಮೊದಲ ಮಳೆಯ ಕೆಂಪುಕಪ್ಪು ನೀರು ಇಳಿಜಾರಿನಲ್ಲಿ ಓಡಿಬಂದಾಗ ಆ ಬಲೆಯೂ ಎಲೆಗಳ ಗೋಡೆಯೂ ಅದರ ವೇಗವನ್ನು ಮುರಿಯುತ್ತವೆ. ಮಣ್ಣು ಬದುವಿಗೆ ತಂಗುತ್ತದೆ, ನೀರು ಮುಂದೆ ಹೋಗುತ್ತದೆ. ಮೂರನೆಯ ಕಾರಣ ನಾರು. ಬೇಲಿಯಲ್ಲಿಯೇ ಹಗ್ಗ ಬೆಳೆಯುತ್ತಿರುವಾಗ ಸಂತೆಗೆ ಹೋಗಿ ಹಗ್ಗ ಕೊಳ್ಳುವುದೇಕೆ?

ಹಗ್ಗದ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕು; ಏಕೆಂದರೆ ಒಕ್ಕಲುತನವೆಂಬುದು ಒಂದು ಕಾಲಕ್ಕೆ ಹಗ್ಗದ ಮೇಲೆಯೇ ನಿಂತಿತ್ತು. ಬಾವಿಯಿಂದ ನೀರು ಸೇದಲು ಹಗ್ಗ, ದನ ಕಟ್ಟಲು ಕಣ್ಣಿ, ಎತ್ತಿನ ಮೂಗಿಗೆ ಮೂಗುದಾಣ, ಮೇವಿನ ಹೊರೆಗೆ ಹುರಿ, ಹಾಲು ಮೊಸರಿನ ಗಡಿಗೆಗೆ ನೆಲವು. ಕಾರಹುಣ್ಣಿಮೆ ಬಂದರೆ ಎತ್ತುಗಳಿಗೆ ಹೊಸ ಹಗ್ಗ ಆಗಲೇಬೇಕು. ಈ ಸೀಮೆಯಲ್ಲಿ ಅದಕ್ಕೆ ಪುಂಡಿಯ ನಾರೂ ಉಂಟು, ಸೆಣಬೂ ಉಂಟು. ಆದರೆ ಅವೆರಡಕ್ಕೂ ಹೊಲ ಬೇಕು, ಹಂಗಾಮು ಬೇಕು. ಬರದ ವರ್ಷದಲ್ಲಿ ಪುಂಡಿ ಬಾರದಿದ್ದಾಗಲೂ ಬದುವಿನ ಕತ್ತಾಳೆ ಇದ್ದೇ ಇರುತ್ತದೆ. ಎಲೆಗಳನ್ನು ಕೊಯ್ದು, ಮುಳ್ಳು ಸವರಿ, ಕಟ್ಟು ಕಟ್ಟಿ ಹಳ್ಳದ ಮಡುವಿನಲ್ಲಿ ಕಲ್ಲು ಹೇರಿ ಕೊಳೆಹಾಕಬೇಕು. ತಿರುಳು ಕೊಳೆತ ಮೇಲೆ ಕಲ್ಲಿನ ಮೇಲಿಟ್ಟು ಜಜ್ಜಿ, ಹೆರೆದು, ತೊಳೆದು, ಬಿಸಿಲಿಗೆ ಹರವಿದರೆ ಬೆಳ್ಳನೆಯ ಹೊಳಪಿನ ಎಳೆಗಳು ದೊರೆಯುತ್ತವೆ. ಅವನ್ನು ತೊಡೆಯ ಮೇಲೆ ಹೊಸೆದು, ಎರಡು ಮೂರು ಎಳೆ ಕೂಡಿಸಿ ಹುರಿ ಮಾಡಿದರೆ ಹಗ್ಗ ಸಿದ್ಧ.

ಕೇಳುವುದಕ್ಕೆ ಇದು ಹಿತವಾಗಿದೆ. ಆದರೆ ಮಾಡಿದವರ ಕೈಯನ್ನು ನೋಡಿದರೆ ಮಾತು ಬೇರೆಯಾಗುತ್ತದೆ. ನೂರು ಸೇರು ಹಸಿಯ ಎಲೆಯಿಂದ ಬರುವ ಒಣನಾರು ಮೂರರಿಂದ ಐದು ಸೇರು ಮಾತ್ರ. ಉಳಿದದ್ದೆಲ್ಲ ನೀರು ಮತ್ತು ತಿರುಳು. ಎಲೆಯ ರಸ ತಾಗಿದ ಮೈ ಉರಿದು ಕೆರೆದು ಗುಳ್ಳೆಯೇಳುತ್ತದೆ. ಕೊಳೆತ ಮಡುವಿನ ನಾತ ಊರಿಗೆಲ್ಲ ಹಬ್ಬುತ್ತದೆ. ಆ ನೀರನ್ನು ದನ ಕುಡಿಯದು, ಮೀನೂ ಬದುಕದು. ಆದ್ದರಿಂದಲೇ ಈ ಕೆಲಸವನ್ನು ಊರ ಹೊರಗೆ ಇಟ್ಟರು. ಮಾಡುವವರನ್ನೂ ಊರ ಹೊರಗೇ ಇಟ್ಟರು. ಹಗ್ಗ ಹೊಸೆಯುವುದು ದಕ್ಷಿಣಾಪಥದಲ್ಲಿ ಬಹುಮಟ್ಟಿಗೆ ಕೆಳಗೆ ತಳ್ಳಲ್ಪಟ್ಟ ಜಾತಿಗಳ ಪಾಲಿನ ದುಡಿಮೆಯಾಗಿತ್ತು. ಹಬ್ಬದ ದಿನ ಎತ್ತಿನ ಕೊರಳಿಗೆ ಹೊಸ ಹಗ್ಗ ಬಂದಾಗ ಅದನ್ನು ಹೊಸೆದವನಿಗೆ ದೊರೆಯುತ್ತಿದ್ದುದು ಸುಗ್ಗಿಯ ಕಣದಲ್ಲಿ ಅಳೆದುಕೊಟ್ಟ ನಾಲ್ಕು ಸೇರು ಜೋಳ. ಆದಕಾರಣ ಅವರ ಮಕ್ಕಳು ಈ ಕಸುಬನ್ನು ಬಿಟ್ಟು ಶಾಲೆಗೆ ಹೋದರೆ, ಪಟ್ಟಣದಲ್ಲಿ ಬೇರೆ ಕೆಲಸ ಹಿಡಿದರೆ, ಕಲೆ ನಶಿಸಿತೆಂದು ನಾವು ಕುರ್ಚಿಯಲ್ಲಿ ಕುಳಿತು ಮರುಗುವುದು ನ್ಯಾಯವಲ್ಲ. ಬಿಟ್ಟವರು ಸರಿಯಾಗಿಯೇ ಬಿಟ್ಟರು.

ಈ ನಾರು ಲೋಕದ ವ್ಯಾಪಾರದಲ್ಲಿ ಏರಿ ಇಳಿದ ಕಥೆಯೂ ತಿಳಿಯತಕ್ಕದ್ದೇ. ಸಿಸಲ್ ಎಂಬ ಜಾತಿ ಮೆಕ್ಸಿಕೋದ ಯುಕಟಾನಿನದು. ಅಲ್ಲಿನ ರೇವಿನ ಹೆಸರೇ ಅದಕ್ಕೆ ಬಂತು. ೧೮೩೦ರ ದಶಕದಲ್ಲಿ ಹೆನ್ರಿ ಪೆರ್ರೈನ್ ಎಂಬ ಅಮೆರಿಕದ ಪ್ರತಿನಿಧಿಯು ಅದನ್ನು ಫ್ಲಾರಿಡಾಕ್ಕೆ ತರಿಸಿದನು. ಅಲ್ಲಿಂದ ೧೮೯೩ರಲ್ಲಿ ರಿಚರ್ಡ್ ಹಿಂಡಾರ್ಫ್ ಎಂಬ ಜರ್ಮನ್ ಕೃಷಿತಜ್ಞನು ಸಾವಿರ ಮರಿಗಳನ್ನು ಪೂರ್ವ ಆಫ್ರಿಕಕ್ಕೆ ತರಿಸಲು, ದಾರಿಯಲ್ಲಿ ಬಹುಪಾಲು ಸತ್ತು ಬದುಕಿ ತಲಪಿದವು ೬೨. ಇಂದಿನ ಟಾಂಜಾನಿಯಾದ ಸಿಸಲ್ ತೋಟಗಾರಿಕೆ ಮೊದಲಾದದ್ದು ಆ ೬೨ರಿಂದ. ೧೯೬೦ರ ದಶಕದಲ್ಲಿ ಆ ದೇಶ ವರ್ಷಕ್ಕೆ ೨ ಲಕ್ಷ ಟನ್ನಿಗೂ ಮೀರಿದ ನಾರನ್ನು ತೆಗೆಯಿತು. ಆಮೇಲೆ ಕಲ್ಲೆಣ್ಣೆಯಿಂದ ಹುಟ್ಟಿದ ನೈಲಾನು, ಪಾಲಿಪ್ರಾಪಿಲೀನುಗಳ ಹಗ್ಗ ಬಂತು. ಅದು ನೀರಿನಲ್ಲಿ ಕೊಳೆಯದು, ಹಗುರ, ಅಗ್ಗ. ತೋಟಗಳು ಪಾಳುಬಿದ್ದವು, ಈಗ ಸಿಸಲ್ ನಾರಿನಲ್ಲಿ ಬ್ರೆಜಿಲ್ ದೇಶವೇ ಮುಂದು. ಆಫ್ರಿಕದ ದೊಡ್ಡ ತೋಟವನ್ನು ಮಲಗಿಸಿದ ಆ ಬಣ್ಣದ ಹಗ್ಗವೇ ಅಫಜಲಪುರದ ಸಂತೆಯಲ್ಲಿಯೂ ತೂಗುಬಿದ್ದು ಬದುವಿನ ಕತ್ತಾಳೆಗೆ ಕೆಲಸವಿಲ್ಲದಂತೆ ಮಾಡಿತು.

ಕೆಲಸ ತಪ್ಪಿದ ಗಿಡಕ್ಕೆ ಜಾಗವೂ ತಪ್ಪುತ್ತಿದೆ. ಭೀಮಾ ಏತನೀರಾವರಿಯೂ ಸೊನ್ನದ ಬಾಂದಾರವೂ ಆದ ಮೇಲೆ ನದಿಯ ಅಂಚಿನ ಹೊಲಗಳಿಗೆ ನೀರು ಬಂದಿದೆ; ಕಬ್ಬು ಬಂದಿದೆ, ಸಕ್ಕರೆ ಕಾರ್ಖಾನೆಯೂ ಬಂದಿದೆ. ಇದು ಸಂತೋಷದ ಸಂಗತಿ. ಆದರೆ ಬೆಲೆ ಬಂದ ನೆಲದಲ್ಲಿ ಒಂದು ಮೊಳದ ಬದುವೂ ದಂಡವೆಂದು ತೋರುತ್ತದೆ. ಯಂತ್ರ ತಂದು ಬದುವನ್ನು ಸವರಿದರೆ ಎರಡು ಸಾಲು ಹೆಚ್ಚು ಬೆಳೆ. ಬೇಲಿಗೆ ತಂತಿ ಸಾಕು. ನೀರು ಮುಟ್ಟದ ಮಡ್ಡಿಯವರೂ ಅದನ್ನೇ ಅನುಕರಿಸುತ್ತಾರೆ. ತೊಂದರೆ ಇರುವುದು ಇಲ್ಲಿ. ತಂತಿ ದನವನ್ನು ತಡೆಯುತ್ತದೆ, ಮಣ್ಣನ್ನು ತಡೆಯಲಾರದು. ೨೦೨೦ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಗಳ ದಂಡೆಯ ಹಳ್ಳಿಗಳನ್ನು ಮುಳುಗಿಸಿದುದನ್ನು ಇಲ್ಲಿನವರು ಮರೆತಿಲ್ಲ. ಆ ಮಹಾಪೂರವನ್ನು ಯಾವ ಬೇಲಿಯೂ ತಡೆಯುತ್ತಿರಲಿಲ್ಲ. ಅದು ಮೇಲಿನ ಜಲಾಶಯಗಳ ಮತ್ತು ಅತಿವೃಷ್ಟಿಯ ಮಾತು. ಆದರೆ ಪ್ರತಿವರ್ಷ ಸದ್ದಿಲ್ಲದೆ ಮಡ್ಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಇಳಿದುಹೋಗುವ ಮಣ್ಣಿನ ಲೆಕ್ಕವನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಬೆರಳಗಲ ಮಣ್ಣು ಕಟ್ಟಲು ಶತಮಾನಗಳು ಬೇಕು. ಕೊಚ್ಚಿಹೋಗಲು ಒಂದು ರೋಹಿಣಿ ಮಳೆ ಸಾಕು.

ಈ ವಿಚಾರ ಹೊಸದಲ್ಲ. ೧೯೩೦ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರಗಳಲ್ಲಿಯೂ, ಆಗ ಹೈದರಾಬಾದ್ ಸಂಸ್ಥಾನದೊಳಗಿದ್ದ ರಾಯಚೂರಿನಲ್ಲಿಯೂ ಒಣಬೇಸಾಯದ ಸಂಶೋಧನ ಕ್ಷೇತ್ರಗಳು ತೆರೆದುವು. ಅಲ್ಲಿನ ತಜ್ಞರು ಹೇಳಿದ ಮೊದಲ ಪಾಠವೇ ಒಡ್ಡು: ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದಲ್ಲಿ ಒಡ್ಡು ಹಾಕಿರಿ, ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿಯಿರಿ. ಆದರೆ ಬರಿಯ ಮಣ್ಣಿನ ಒಡ್ಡು ನಾಲ್ಕು ಮಳೆಗೆ ಜರಿಯುತ್ತದೆ. ಅದರ ಮೇಲೆ ಬೇರೂರಿದ ಯಾವುದಾದರೊಂದು ಬೇಕು. ಕತ್ತಾಳೆಯ ತವರಿನವರು ಇದನ್ನು ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದರು. ಮೆಕ್ಸಿಕೋದ ತ್ಲಾಸ್ಕಾಲಾ ಪ್ರಾಂತದಲ್ಲಿ ಇಳಿಜಾರಿನ ಹೊಲಗಳ ಒಡ್ಡಿನುದ್ದಕ್ಕೂ ಕತ್ತಾಳೆಯ ಸಾಲು, ಸಾಲುಗಳ ನಡುವೆ ಮುಸುಕಿನ ಜೋಳ. ಇದಕ್ಕೆ ಅವರ ಭಾಷೆಯಲ್ಲಿ ಮೆತೆಪಂತ್ಲಿ ಎಂದು ಹೆಸರು. ನಮ್ಮ ಮಡ್ಡಿಯ ರೈತನು ಮೆಕ್ಸಿಕೋದ ಹೆಸರನ್ನೂ ಕೇಳದೆ ಅದೇ ಗಿಡವನ್ನು ಅದೇ ಜಾಗದಲ್ಲಿ ನೆಟ್ಟನು. ಎರಡು ಲೋಕಗಳ ಅನುಭವ ಒಂದೇ ಮಾತನ್ನು ಹೇಳುವಾಗ ಅದನ್ನು ತಳ್ಳಿಹಾಕುವ ಮುನ್ನ ಎರಡು ಬಾರಿ ಯೋಚಿಸುವುದು ಒಳ್ಳೆಯದು.

ಆಕ್ಷೇಪಣೆಗಳೂ ಉಂಟು; ಅವನ್ನು ಮರೆಮಾಚತಕ್ಕದ್ದಲ್ಲ. ಎರೆಹೊಲದ ತಗ್ಗಿನಲ್ಲಿ ನೀರು ನಿಂತರೆ ಕತ್ತಾಳೆಯ ಬುಡ ಕೊಳೆಯುತ್ತದೆ. ಅದು ಅಲ್ಲಿಯ ಗಿಡವಲ್ಲ, ಮಡ್ಡಿಯ ಗಿಡ. ಮಕ್ಕಳು ಓಡಾಡುವ ದಾರಿಯ ಅಂಚಿಗೆ, ಕಣ್ಣಿನ ಮಟ್ಟಕ್ಕೆ ಅದರ ಮುಳ್ಳು ಅಪಾಯ. ಮರಿಗಳನ್ನು ಎರಡು ಮೂರು ವರ್ಷಕ್ಕೊಮ್ಮೆ ಕಿತ್ತು ಸಾಲನ್ನು ಹದ್ದಿನಲ್ಲಿಡದಿದ್ದರೆ, ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಅಕ್ಷರಶಃ ನಿಜವಾಗುತ್ತದೆ. ಊರಿನ ಗೋಮಾಳದಲ್ಲಿ, ಹುಲ್ಲುಗಾವಲಿನಲ್ಲಿ ಅದನ್ನು ಹಬ್ಬಲು ಬಿಡುವುದು ತಪ್ಪು. ಆದ್ದರಿಂದ ಎಲ್ಲೆಲ್ಲಿಯೂ ಕತ್ತಾಳೆ ನೆಡಿರೆಂದು ನಾವು ಹೇಳುತ್ತಿಲ್ಲ. ಕಲ್ಲುನೆಲದ ಇಳಿಜಾರಿನ ಬದುವಿನ ಮೇಲೆ ಈಗಾಗಲೇ ಇರುವ ಸಾಲನ್ನು, ಅದರಿಂದ ಆಗುತ್ತಿರುವ ಕೆಲಸವನ್ನು ಲೆಕ್ಕ ಹಾಕದೆ ಕೀಳಬೇಡಿರೆಂದು ಮಾತ್ರ ನಮ್ಮ ವಿಜ್ಞಾಪನೆ.

ನಾರಿನ ವಿಚಾರದಲ್ಲಿಯೂ ಕಾಲ ಸ್ವಲ್ಪ ತಿರುಗಿದೆ. ಕೊಳೆಯದಿರುವುದು ಹಗ್ಗದ ಗುಣವೆಂದು ಮೆಚ್ಚಿದ ಜಗತ್ತು ಈಗ ಅದನ್ನೇ ದೋಷವೆಂದು ಕಾಣುತ್ತಿದೆ. ಹೊಲದಲ್ಲಿ ಉಳಿದ ಪ್ಲಾಸ್ಟಿಕ್ ಹುರಿ ತಲೆಮಾರು ಕಳೆದರೂ ಮಣ್ಣಾಗದು. ವಿಶ್ವಸಂಸ್ಥೆ ೨೦೦೯ನೆಯ ವರ್ಷವನ್ನು ಸಹಜ ನಾರುಗಳ ವರ್ಷವಾಗಿ ಆಚರಿಸಿತು. ಒಡಿಶಾದ ಬಾಮ್ರಾದಲ್ಲಿ ಸಿಸಲ್ ನಾರಿಗಾಗಿಯೇ ಒಂದು ಸರ್ಕಾರಿ ಸಂಶೋಧನ ಕೇಂದ್ರವುಂಟು. ಹಸಿಯ ಎಲೆಯನ್ನು ಕೊಳೆಹಾಕದೆ ನೇರವಾಗಿ ಹೆರೆದು ನಾರು ಬಿಡಿಸುವ ಯಂತ್ರಗಳಿವೆ. ಮಡು ಕೆಡದು. ಸಿಸಲ್‌ನ ರಸದಿಂದ ಹೆಕೊಜೆನಿನ್ ಎಂಬ ಪದಾರ್ಥವನ್ನು ತೆಗೆದು ಕಾರ್ಟಿಸೋನ್ ಜಾತಿಯ ಔಷಧಗಳನ್ನು ಮಾಡುವ ಮಾರ್ಗವೂ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬಳಕೆಗೆ ಬಂದಿತ್ತು. ದಖ್ಖನಿನ ಕತ್ತಾಳೆಯ ಗಡ್ಡೆಯಿಂದ ಮೆಕ್ಸಿಕೋದ ಮಾದರಿಯ ಮದ್ಯ ಇಳಿಸುವ ಉದ್ಯಮಗಳೂ ನಮ್ಮ ದೇಶದಲ್ಲಿ ಹುಟ್ಟಿವೆ. ಅದರಿಂದ ರೈತನ ಬೊಕ್ಕಸ ತುಂಬುವುದೋ ಊರಿನ ಬಾಳು ಕೆಡುವುದೋ ಎಂಬ ವಾದವನ್ನು ಇಲ್ಲಿ ಎತ್ತುವುದಿಲ್ಲ. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಈ ಕಸುಬು ಮರಳಿ ಬರುವುದಾದರೆ ಹಳೆಯ ಕೊಳೆಮಡುವಿನೊಡನೆ, ಹಳೆಯ ನಾಲ್ಕು ಸೇರು ಜೋಳದೊಡನೆ ಬರಕೂಡದು. ಯಂತ್ರವೂ ತಕ್ಕ ಕೂಲಿಯೂ ಮರ್ಯಾದೆಯೂ ಇದ್ದರೆ ಬರಲಿ. ಇಲ್ಲವಾದರೆ ಗಿಡ ಬರಿಯ ಬೇಲಿಯಾಗಿಯೇ ಇರಲಿ. ಹಿಂದೆ ತಪ್ಪಿದ್ದುದು ಮನುಷ್ಯರು ಮಾಡಿಕೊಂಡ ಏರ್ಪಾಡಿನಲ್ಲಿ. ಗಿಡದಲ್ಲಿ ಯಾವ ತಪ್ಪೂ ಇರಲಿಲ್ಲ.

ಕಲಬುರಗಿಯ ಕಡೆಗೆ ರೈಲಿನಲ್ಲಿ ಪ್ರಯಾಣ ಮಾಡುವವರು, ಗಾಣಗಾಪುರಕ್ಕೆ ಸೇವೆಗೆಂದು ಹೋಗುವವರು ಬೇಸಗೆಯ ಹೊತ್ತಿನಲ್ಲಿ ಒಮ್ಮೆ ಕಿಟಕಿಯಾಚೆ ನೋಡಿರಿ. ಜೋಳ ಕೊಯ್ದ ಹೊಲ ಬಿರುಕುಬಿಟ್ಟು ಬರಿದಾಗಿರುತ್ತದೆ. ಜಾಲಿಯ ನೆರಳೂ ತೆಳುವಾಗಿರುತ್ತದೆ. ಆ ಬಯಲಿನ ನಡುವೆ ಬದುವಿನ ಮೇಲೆ ಬೂದುಹಸುರಿನ ಕತ್ತಿಗಳ ಒಂದು ಸಾಲು ಕಂಡರೆ, ಅದು ಹಗಲಿಡೀ ಬಾಗಿಲು ಮುಚ್ಚಿಕೊಂಡು, ನಿನ್ನೆಯ ಇರುಳು ಕೂಡಿಟ್ಟುದರಿಂದ ಇಂದಿನ ಅಡುಗೆ ನಡೆಸುತ್ತಿದೆಯೆಂದು ತಿಳಿಯಿರಿ. ಅಂಥ ಸಾಲಿನಲ್ಲೊಂದು ಗಿಡ ತನ್ನ ಕಂಬವನ್ನೆತ್ತಿ ಹೂ ಹೊತ್ತಿದ್ದರೆ ಇನ್ನೂ ಒಂದು ಕ್ಷಣ ನೋಡಿರಿ. ಹತ್ತಿಪ್ಪತ್ತು ವರ್ಷದ ಉಳಿತಾಯ ಅಲ್ಲಿ ಒಂದು ಬೇಸಗೆಯಲ್ಲಿ ಖರ್ಚಾಗುತ್ತಿದೆ. ಬುಡದಲ್ಲಿ ಮರಿಗಳು ಆಗಲೇ ಬದುವನ್ನು ಹಿಡಿದುಕೊಂಡಿವೆ. ಆ ಬದುವನ್ನು ಅವುಗಳಿಗೆ ಉಳಿಸಿಕೊಡುವುದು ನಮ್ಮ ಕೈಯಲ್ಲಿದೆ.